ಇಂದಿನ ಧಮ್ಮ ಚಿಂತನೆ: ಖುರ್ಚಿಯ ಗಾದಿ



ಉಪೋಸಥದ ದಿನ ಅಷ್ಟಶೀಲ ಪಾಲಿಸುವವರು ಎತ್ತರದ, ವೈಭವದ ಆಸನ ಬಿಡುತ್ತೇವೆ. ಹಾಗಾದರೆ ಕುಸಿದ ಆಫೀಸ್ ಖುರ್ಚಿಗೆ ಹೊಸ ಗಾದಿ ಹಾಕುವುದು ತೃಷ್ಣೆಯೇ?

ಸಾತಾರಾದ ಶಾಲೆಯಲ್ಲಿ ಬಾಲಕ ಭೀಮರಾವ್ ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ ಕೂರಬೇಕಿತ್ತು. ಕಸ ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲ. ದಿನಾ ಸಂಜೆ ಮನೆಗೊಯ್ದು ಮರುದಿನ ತರಬೇಕಿತ್ತು. ಅದನ್ನು ಯಾರಾದರೂ ಸರಳ ಬದುಕು ಎಂದಾರೆಯೇ? ಇದ್ದದ್ದನ್ನು ಬಿಟ್ಟರೆ ಶೀಲ. ಕೊಡದೇ ಇದ್ದದ್ದನ್ನು ಬಿಡುವುದು ಹೇಗೆ? ಬುದ್ಧರು ಬಡತನವನ್ನು ಹೊಗಳಲಿಲ್ಲವೆಂದು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಬಾಬಾಸಾಹೇಬರೇ ಬರೆದಿದ್ದಾರೆ. ಬೆನ್ನು ನೋಯದಂತೆ ಕೂತು ಓದುವುದು ನಮ್ಮ ಹಕ್ಕು.

ಬಾಳೆಹೊಸೂರಿನ ಮನೆಯಲ್ಲಿ ನನ್ನ ಖುರ್ಚಿ ಮಗುಚಿ ನಾಲ್ಕು ಬೋಲ್ಟು ಬಿಚ್ಚಿದೆ. ಪ್ಲೈವುಡ್, ಕಬ್ಬಿಣ ಗಟ್ಟಿಯಿದ್ದವು; ಕುಗ್ಗಿದ್ದು ಫೋಮು, ಹರಿದಿದ್ದು ರೆಕ್ಸಿನ್. ಹಳೆಯ ರೆಕ್ಸಿನ್ನನ್ನೇ ಅಳತೆಗಿಟ್ಟು ಹೊಸದನ್ನು ಕತ್ತರಿಸಿ, ಮೊದಲು ನಾಲ್ಕೂ ಬದಿಯ ನಡುವೆ ಬಿಗಿಯಾಗಿ ಎಳೆದು ಪಿನ್ನು ಹೊಡೆದೆ. ಮೂಲೆಗಳ ಸರದಿ ಕಡೆಗೆ. ನನ್ನ ಲೆಕ್ಕದಲ್ಲಿ ತೃಷ್ಣೆ ಶುರುವಾಗುವುದು ಇಂಥ ಗಟ್ಟಿ ಚೌಕಟ್ಟನ್ನು ತಿಪ್ಪೆಗೆಸೆದು, ಮೇಲಧಿಕಾರಿಯದ್ದರಂಥ ಎತ್ತರದ ಖುರ್ಚಿಯೇ ಬೇಕು ಅಂದಾಗ.

ಕೌಶಾಂಬಿಯ ಉದೇನ ರಾಜ ಆನಂದರನ್ನು ಕೇಳಿದ್ದ, 500 ವಸ್ತ್ರ ಇಟ್ಟುಕೊಂಡು ಏನು ಮಾಡುತ್ತೀರೆಂದು. ಚೀವರ ಹರಿದವರಿಗೆ ಹಂಚುತ್ತೇವೆ ಎಂದರು ಆನಂದರು. ಹಳೆಯದು ಹಾಸಿಗೆಯ ಹೊದಿಕೆ, ಅದೂ ಸವೆದರೆ ನೆಲಹಾಸು, ಕಾಲೊರಸು, ಧೂಳೊರಸು. ಕೊನೆಗೆ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಬಳಿಯುತ್ತಾರಂತೆ. ಉದೇನ ಇನ್ನೂ 500 ಕೊಟ್ಟ.