ಸೋತವರ ಋಣ, ಗೆದ್ದವರ ಋಣ

ನಮ್ಮ ಮಠದ ಪ್ರಸಾದನಿಲಯದಲ್ಲಿದ್ದು ಓದಿ, ಬಹುಕಾಲದಿಂದ ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬರು ಹಿಂದಿನ ಸಲ ಊರಿಗೆ ಬಂದಾಗ ತಮ್ಮ ಮನೆಯ ವಿರಸವೊಂದನ್ನು ನಮ್ಮೆದುರು ಬಿಚ್ಚಿಟ್ಟರು. 2016ರಲ್ಲಿ ಅವರ ಮಗಳಿಗೆ ಮೊದಲ ಬಾರಿ ಮತದಾನದ ಹಕ್ಕು ಬಂದಿತ್ತು. ಡೆಮಾಕ್ರಟಿಕ್ ಪಕ್ಷದ ಒಳಸ್ಪರ್ಧೆಯಲ್ಲಿ ಆಕೆ ಬರ್ನಿ ಸ್ಯಾಂಡರ್ಸ್ ಅವರ ಪರವಾಗಿ ಮನೆಮನೆ ತಿರುಗಿದ್ದಳು. ಸ್ಯಾಂಡರ್ಸ್ ಸೋತರು, ಹಿಲರಿ ಕ್ಲಿಂಟನ್ ಅಭ್ಯರ್ಥಿಯಾದರು. ತಂದೆ ಮೊದಲಿನಿಂದಲೂ ಕ್ಲಿಂಟನ್ ಪರ. “ಜಗಳ ಮುಗಿಯಿತು, ಇನ್ನು ಎಲ್ಲರೂ ಒಂದಾಗಬೇಕು” ಎಂದು ಅವರು ಹೇಳಿದರೆ, “ನಿನ್ನೆ ನನಗೆ ತಪ್ಪೆಂದು ಕಂಡದ್ದು ಇಂದು ಸರಿಯಾಗುವುದು ಹೇಗೆ? ನಾನು ಮತವನ್ನೇ ಹಾಕುವುದಿಲ್ಲ” ಎಂದು ಮಗಳು ಹೇಳಿದಳಂತೆ. ನವೆಂಬರ್‌ನಲ್ಲಿ ಕ್ಲಿಂಟನ್ ಸೋತರು. ಅಂದಿನಿಂದ ತಂದೆ ಮಗಳ ನಡುವೆ ಕುಶಲಪ್ರಶ್ನೆಯಾಚೆಗೆ ಮಾತಿಲ್ಲ. “ಬುದ್ಧಿ, ತಪ್ಪು ನನ್ನದೋ ಅವಳದೋ?” ಎಂದು ಕೇಳಿದರು.

ಮಠದ ಜಗುಲಿಯಲ್ಲಿ ಪರದೇಶದ ಪಕ್ಷರಾಜಕಾರಣವೇಕೆ ಎಂದು ಮೊದಲು ನಮಗೂ ಅನಿಸಿತು. ಎರಡು ದಿನ ಯೋಚಿಸಿದ ಮೇಲೆ, ಆ ಹುಡುಗಿಯ ಪ್ರಶ್ನೆ ತತ್ತ್ವಶಾಸ್ತ್ರದ ಗಟ್ಟಿ ಪ್ರಶ್ನೆಗಳಲ್ಲೊಂದೆಂದು ಮನವರಿಕೆಯಾಯಿತು. ಯಾವ ಪಕ್ಷ ಮೇಲು, ಯಾವುದು ಕೀಳು ಎಂಬುದು ಇಲ್ಲಿಯ ವಿಷಯವಲ್ಲ. ಸೋತವನು ಗೆದ್ದವನಿಗೆ ಏನನ್ನು ಸಲ್ಲಿಸಬೇಕು, ಏನನ್ನು ಸಲ್ಲಿಸಬೇಕಾಗಿಲ್ಲ ಎಂಬುದಷ್ಟೇ ವಿಷಯ.

ನಮ್ಮ ದೇಶದಲ್ಲಿ ಪಕ್ಷದ ಟಿಕೆಟ್ಟು ಯಾರಿಗೆಂಬುದನ್ನು ವರಿಷ್ಠರು ನಿರ್ಧರಿಸುತ್ತಾರೆ. ಅಮೆರಿಕದಲ್ಲಿ ಅಧ್ಯಕ್ಷ ಪದವಿಯ ಅಭ್ಯರ್ಥಿ ಯಾರಾಗಬೇಕೆಂಬುದನ್ನು ಆಯಾ ಪಕ್ಷದ ಸಾಮಾನ್ಯ ಮತದಾರರೇ ಮತ ಹಾಕಿ ತೀರ್ಮಾನಿಸುತ್ತಾರೆ. ಈ ಒಳಚುನಾವಣೆಗೆ ಪ್ರೈಮರಿ ಎಂದು ಹೆಸರು. ಚುನಾವಣಾ ವರ್ಷದ ಆರಂಭದಿಂದ ಜೂನ್‌ವರೆಗೆ ಅದು ರಾಜ್ಯದಿಂದ ರಾಜ್ಯಕ್ಕೆ ಸಾಗುತ್ತದೆ. ಅಲ್ಲಿ ಆರಿಸಿಬಂದ ಪ್ರತಿನಿಧಿಗಳು ಬೇಸಿಗೆಯ ಮಹಾಸಮ್ಮೇಳನದಲ್ಲಿ ಸೇರಿ ಅಭ್ಯರ್ಥಿಯನ್ನು ಘೋಷಿಸುತ್ತಾರೆ. ನಿಜವಾದ ಚುನಾವಣೆ ನಡೆಯುವುದು ನವೆಂಬರ್‌ನಲ್ಲಿ. ಆರು ತಿಂಗಳು ಪರಸ್ಪರರನ್ನು ಅಯೋಗ್ಯರೆಂದು ಸಾರಿದವರು ಆಮೇಲೆ ಒಂದೇ ವೇದಿಕೆಯ ಮೇಲೆ ಕೈ ಕೈ ಹಿಡಿದು ಎತ್ತಬೇಕು. ನೋಡುವವರಿಗೆ ಇದು ನಾಟಕದಂತೆ ಕಂಡರೆ ಆಶ್ಚರ್ಯವಿಲ್ಲ.

1962ರಲ್ಲಿ ರಿಚರ್ಡ್ ವೊಲ್‌ಹೈಮ್ ಎಂಬ ಇಂಗ್ಲಿಷ್ ತತ್ತ್ವಜ್ಞರು ಪ್ರಜಾಪ್ರಭುತ್ವದ ಸಿದ್ಧಾಂತದಲ್ಲಿರುವ ಒಂದು ವಿರೋಧಾಭಾಸವನ್ನು ಕುರಿತು ಪ್ರಬಂಧ ಬರೆದರು. ನಾನು ವಿಚಾರ ಮಾಡಿ ‘ಅ’ ಎಂಬುದೇ ಆಗಬೇಕೆಂದು ಮತ ಹಾಕುತ್ತೇನೆ. ಎಣಿಕೆಯಲ್ಲಿ ‘ಆ’ ಗೆಲ್ಲುತ್ತದೆ. ನಾನು ಪ್ರಜಾಪ್ರಭುತ್ವವಾದಿಯಾದ್ದರಿಂದ ಈಗ ‘ಆ’ ಆಗಬೇಕೆನ್ನುತ್ತೇನೆ. ಆದರೆ ‘ಅ’ ಆಗಬೇಕೆಂಬ ನನ್ನ ವಿಚಾರವನ್ನು ನಾನು ಬಿಟ್ಟಿಲ್ಲ. ಒಬ್ಬನೇ ಮನುಷ್ಯ ಎರಡನ್ನೂ ಹೇಗೆ ಹೇಳಬಲ್ಲ? ನ್ಯೂಜೆರ್ಸಿಯ ಹುಡುಗಿ ತಂದೆಗೆ ಕೇಳಿದ್ದು ಇದನ್ನೇ.

ಸರಿಯಾಗಿ ಇನ್ನೂರು ವರ್ಷಗಳ ಹಿಂದೆ, 1762ರಲ್ಲಿ, ರೂಸೋ ಇದಕ್ಕೆ ಸುಲಭವಾದ ಪರಿಹಾರವೊಂದನ್ನು ಕೊಟ್ಟಿದ್ದ. ಬಹುಮತ ನಿನಗೆ ವಿರುದ್ಧವಾಯಿತೆಂದರೆ ಸಮಷ್ಟಿಯ ಸಂಕಲ್ಪವನ್ನು ನೀನು ತಪ್ಪಾಗಿ ಗ್ರಹಿಸಿದ್ದೆ ಎಂದೇ ಅರ್ಥವೆಂಬುದು ಆತನ ವಾದ. ಸೋತವನು ತನ್ನ ತಪ್ಪನ್ನು ತಿಳಿದು ಸಂತೋಷದಿಂದ ಒಂದಾಗಬಹುದು! ವಿದ್ಯಾರ್ಥಿದೆಸೆಯಲ್ಲಿ ಈ ವಾದ ನಮಗೆ ಬಹಳ ಹಿಡಿಸಿತ್ತು. ಈಗ ಅದು ಅಪಾಯಕರವೆಂದೇ ತೋರುತ್ತದೆ. ಎಣಿಕೆಯಲ್ಲಿ ಸೋಲುವುದು ಬೇರೆ, ತಪ್ಪಾಗಿರುವುದು ಬೇರೆ. ನೂರು ಜನರಲ್ಲಿ ಅರವತ್ತು ಜನ ಒಂದು ಕಡೆ ಕೈಯೆತ್ತಿದರೆ ಉಳಿದ ನಲವತ್ತು ಜನರ ಬುದ್ಧಿ ಕೆಟ್ಟಿತ್ತೆಂದು ಯಾರು ಹೇಳಬಲ್ಲರು?

ಕನ್ನಡದಲ್ಲಿ ಒಪ್ಪಿಗೆ, ಒಡಂಬಡಿಕೆ ಎಂಬ ಎರಡು ಮಾತುಗಳಿವೆ. ಒಪ್ಪಿಗೆ ಬುದ್ಧಿಗೆ ಸೇರಿದ್ದು. ಹೌದೆಂದು ಕಂಡರೆ ಒಪ್ಪುತ್ತೇವೆ, ಕಾಣದಿದ್ದರೆ ಬಲವಂತದಿಂದ ಒಪ್ಪಲಾಗದು. ಒಡಂಬಡಿಕೆ ಸಂಕಲ್ಪಕ್ಕೆ ಸೇರಿದ್ದು. ಹೀಗೆ ನಡೆಯುತ್ತೇನೆಂದು ನಾವೇ ನಮ್ಮನ್ನು ಕಟ್ಟಿಕೊಳ್ಳುವ ಕ್ರಿಯೆ ಅದು. ಸ್ಪರ್ಧೆಗೆ ಇಳಿದವನು ಎಣಿಕೆಗೆ ಒಡಂಬಟ್ಟಿರುತ್ತಾನೆ. ತಾನು ಗೆದ್ದಿದ್ದರೆ ಉಳಿದವರ ಬೆಂಬಲವನ್ನು ಹಕ್ಕೆಂದೇ ಕೇಳುತ್ತಿದ್ದ. ಆದ್ದರಿಂದ ಸೋತಾಗ ಅವನ ಕೈ ಋಣದಲ್ಲಿದೆ, ಬುದ್ಧಿ ಋಣದಲ್ಲಿಲ್ಲ. ಗೆದ್ದವನಿಗಾಗಿ ದುಡಿಯುತ್ತಲೇ “ನಾನು ಹೇಳಿದ್ದೇ ಸರಿಯಾಗಿತ್ತು” ಎಂದು ಅವನು ನಂಬಿರಬಹುದು. ಇದರಲ್ಲಿ ಕಪಟವಿಲ್ಲ. ಅಮೆರಿಕದ ಪತ್ರಿಕೆಗಳು ಇದನ್ನು ಪಕ್ಷದ ಐಕ್ಯವೆಂಬರ್ಥದ ಮಾತಿನಿಂದಲೇ ಕರೆಯುತ್ತವೆ. ನಾವು ಐಕ್ಯವೆಂಬ ಶಬ್ದವನ್ನು ಬಹು ದೊಡ್ಡ ಅರ್ಥದಲ್ಲಿ ಬಳಸುವವರು. ಪಕ್ಷಗಳಿಗೆ ಒಗ್ಗಟ್ಟು ಎಂಬ ಮಾತು ಸಾಕು.

ಕೈ ಒಂದು ಕಡೆ, ಮನಸ್ಸು ಒಂದು ಕಡೆಯಾದರೆ ಏನಾಗುವುದೆಂಬುದಕ್ಕೆ 1980ರ ಪ್ರಸಂಗವನ್ನು ನೋಡಬಹುದು. ಆಗ ಜಿಮ್ಮಿ ಕಾರ್ಟರ್ ಅಧ್ಯಕ್ಷರು. ಅವರದೇ ಪಕ್ಷದ ಸೆನೆಟರ್ ಎಡ್ವರ್ಡ್ ಕೆನಡಿ ಅವರಿಗೆದುರಾಗಿ ನಿಂತು ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳಂಥ ದೊಡ್ಡ ರಾಜ್ಯಗಳನ್ನು ಗೆದ್ದರು. ಒಟ್ಟು ಲೆಕ್ಕದಲ್ಲಿ ಮಾತ್ರ ಹಿಂದುಳಿದರು. ಆಗಸ್ಟ್‌ನಲ್ಲಿ ನ್ಯೂಯಾರ್ಕ್ ನಗರದಲ್ಲಿ ಮಹಾಸಮ್ಮೇಳನ ಸೇರಿದಾಗ, ಪ್ರತಿನಿಧಿಗಳು ಯಾರ ಹೆಸರಿನಲ್ಲಿ ಆರಿಸಿಬಂದರೋ ಅವರಿಗೇ ಮೊದಲ ಸುತ್ತಿನಲ್ಲಿ ಮತ ಹಾಕಬೇಕೆಂಬ ನಿಯಮವನ್ನು ಸಡಿಲಿಸಬೇಕೆಂದು ಕೆನಡಿ ಪಕ್ಷದವರು ಹೋರಾಡಿದರು. ಅದರಲ್ಲಿಯೂ ಸೋತ ಮೇಲೆ ಅವರು ಕಣದಿಂದ ಹಿಂದೆ ಸರಿದರು. ಮರುದಿನ ಅವರು ಮಾಡಿದ ಭಾಷಣವನ್ನು ಇಂದಿಗೂ ಅಲ್ಲಿಯವರು ನೆನೆಯುತ್ತಾರೆ. ಕೊನೆಯ ರಾತ್ರಿ ವೇದಿಕೆಗೆ ತಡವಾಗಿ ಬಂದ ಕೆನಡಿ ಕಾರ್ಟರ್ ಅವರ ಕೈ ಕುಲುಕಿದರು. ಆದರೆ ಇಬ್ಬರ ಕೈಗಳೂ ಜೊತೆಗೂಡಿ ಮೇಲೇಳಲಿಲ್ಲ. ದೇಶವೆಲ್ಲ ಎದುರುನೋಡುತ್ತಿದ್ದ ಚಿತ್ರ ಕೊನೆಗೂ ಸಿಗಲಿಲ್ಲ. ನವೆಂಬರ್‌ನಲ್ಲಿ ಕಾರ್ಟರ್‌ಗೆ ಬಂದ ಚುನಾಯಕ ಮತಗಳು 49, ರೇಗನ್‌ಗೆ 489.

ಈ ಸೋಲನ್ನು ಆ ಒಂದು ಕೈಯ ಮೇಲೆ ಹೊರಿಸುವುದು ಅನ್ಯಾಯ. ಬೆಲೆಗಳು ಏರಿದ್ದವು, ತೆಹರಾನಿನಲ್ಲಿ 52 ಮಂದಿ ಅಮೆರಿಕನ್ನರು ಒತ್ತೆಯಾಳುಗಳಾಗಿದ್ದರು. ಕೆನಡಿ ಕಾರ್ಟರ್ ಪರ ಪ್ರಚಾರವನ್ನೂ ಮಾಡಿದರು. ಆದರೂ ಆ ರಾತ್ರಿ ಅವರು ಕೊಡಬೇಕಾದದ್ದನ್ನು ಪೂರ್ತಿ ಕೊಡಲೂ ಇಲ್ಲ, ಪೂರ್ತಿ ನಿರಾಕರಿಸಲೂ ಇಲ್ಲ. ಅರ್ಧ ಕೊಟ್ಟದ್ದು ಒಮ್ಮೊಮ್ಮೆ ಕೊಡದಿದ್ದುದಕ್ಕಿಂತ ಹೆಚ್ಚು ನೋಯಿಸುತ್ತದೆ. ಕೂಡುಕುಟುಂಬಗಳಲ್ಲಿ ಬೆಳೆದ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

1912ರದು ಇನ್ನೊಂದು ಬಗೆ. ಆ ವರ್ಷ ರಿಪಬ್ಲಿಕನ್ ಪಕ್ಷದ ಪ್ರೈಮರಿಗಳಲ್ಲಿ ಹೆಚ್ಚಿನವನ್ನು ಗೆದ್ದವರು ಥಿಯೋಡರ್ ರೂಸ್‌ವೆಲ್ಟ್. ಷಿಕಾಗೋ ಸಮ್ಮೇಳನದಲ್ಲಿ ಅಭ್ಯರ್ಥಿಯಾದವರು ಅಧ್ಯಕ್ಷ ಟಾಫ್ಟ್. ಪ್ರತಿನಿಧಿಗಳ ಸ್ಥಾನಗಳನ್ನು ಪಕ್ಷದ ಯಜಮಾನರು ಕದ್ದರೆಂದು ರೂಸ್‌ವೆಲ್ಟ್ ಬೇರೆ ಪಕ್ಷ ಕಟ್ಟಿ ನಿಂತರು. ಒಡೆದ ಮನೆಯ ಮುಂದೆ ವುಡ್ರೋ ವಿಲ್ಸನ್ ಸುಮಾರು ಶೇಕಡ 42ರಷ್ಟು ಮತಗಳಿಂದಲೇ ಗೆದ್ದರು. ಇಲ್ಲಿ ಸೋತವನ ದೂರು ತೀರ್ಪುಗಾರನನ್ನು ಕುರಿತದ್ದು. ಎಣಿಕೆ ನ್ಯಾಯವಾಗಿರುತ್ತದೆಂಬ ನಂಬಿಕೆಯ ಮೇಲೆ ಒಡಂಬಡಿಕೆ ನಿಂತಿರುವುದರಿಂದ ತೀರ್ಪುಗಾರ ಮೋಸಮಾಡಿದರೆ ಕಟ್ಟು ಸಡಿಲವಾಗುತ್ತದೆಂಬುದನ್ನು ಒಪ್ಪಲೇಬೇಕು. ಆದರೆ ಸೋತ ಪ್ರತಿಯೊಬ್ಬನ ಕಣ್ಣಿಗೂ ತೀರ್ಪುಗಾರ ವಕ್ರವಾಗಿಯೇ ಕಾಣುತ್ತಾನೆ! 2016ರಲ್ಲಿ ಸ್ಯಾಂಡರ್ಸ್ ಬೆಂಬಲಿಗರಿಗೂ ಇದೇ ದೂರಿತ್ತು, ಅದು ನಿರಾಧಾರವೂ ಆಗಿರಲಿಲ್ಲ. ಪಕ್ಷದ ಕಚೇರಿಯ ಒಲವು ಕ್ಲಿಂಟನ್ ಕಡೆಗಿತ್ತೆಂಬುದು ಬಯಲಾದ ಪತ್ರಗಳಿಂದ ಗೊತ್ತಾಗಿ, ರಾಷ್ಟ್ರೀಯ ಸಮಿತಿಯ ಅಧ್ಯಕ್ಷೆ ಸಮ್ಮೇಳನದ ಮುನ್ನಾದಿನ ರಾಜೀನಾಮೆ ಘೋಷಿಸಬೇಕಾಯಿತು. ಆದರೆ ಪ್ರೈಮರಿಗಳಲ್ಲಿ ಕ್ಲಿಂಟನ್‌ಗೆ ಮೂವತ್ತು ಲಕ್ಷಕ್ಕೂ ಹೆಚ್ಚು ಮತಗಳು ಅಧಿಕವಾಗಿ ಬಿದ್ದಿದ್ದವು. ಪಕ್ಷಪಾತ ನಿಜ, ಫಲಿತಾಂಶವನ್ನು ತಿರುಗಿಸಿದ್ದು ಅದೇ ಎನ್ನುವುದು ಕಷ್ಟ. ಸ್ಯಾಂಡರ್ಸ್ ಅವರೂ ಹಾಗೆಯೇ ಎಣಿಸಿರಬೇಕು. ಫಿಲಡೆಲ್ಫಿಯಾ ಸಮ್ಮೇಳನದಲ್ಲಿ ಕ್ಲಿಂಟನ್ ಅವರನ್ನು ಅಭ್ಯರ್ಥಿಯೆಂದು ಘೋಷಿಸುವ ಸೂಚನೆಯನ್ನು ಅವರೇ ಮಂಡಿಸಿದರು. ಅವರ ಪ್ರತಿನಿಧಿಗಳಲ್ಲಿ ಕೆಲವರು ಎದ್ದು ಹೊರನಡೆದರು.

ಸೋತವನು ಅದೇ ವರ್ಷ ಬೇರೆ ಹೆಸರಿನಲ್ಲಿ ಕಣಕ್ಕಿಳಿಯದಂತೆ ಅಲ್ಲಿಯ ಬಹುತೇಕ ರಾಜ್ಯಗಳು ಕಾನೂನು ಮಾಡಿಕೊಂಡಿವೆ. ಕಾನೂನು ಕಾಲನ್ನು ಕಟ್ಟಬಹುದು, ಕೈಯನ್ನು ಎತ್ತಿಸಲಾರದು. ಎತ್ತಿಸಬಲ್ಲವನು ಗೆದ್ದವನು. ಸೋತವನ ಕರ್ತವ್ಯವನ್ನು ಕುರಿತು ಎಲ್ಲರೂ ಉಪದೇಶಿಸುತ್ತಾರೆ, ಗೆದ್ದವನ ಋಣವನ್ನು ಕೇಳುವವರು ಕಡಿಮೆ.

2008ರ ಒಳಚುನಾವಣೆ ಬಹಳ ಕಹಿಯಾಗಿತ್ತು. ಒಬಾಮಾ ಗೆದ್ದರು, ಹಿಲರಿ ಕ್ಲಿಂಟನ್ ಸೋತರು. ಕ್ಲಿಂಟನ್ ಅವರ ಪ್ರಚಾರಕ್ಕೆ ದೊಡ್ಡ ಸಾಲ ಉಳಿದಿತ್ತು. ಒಬಾಮಾ ತಮ್ಮ ದಾನಿಗಳಿಗೆ ಅದನ್ನು ತೀರಿಸಲು ನೆರವಾಗುವಂತೆ ಕೇಳಿಕೊಂಡು, ಒಬ್ಬ ವ್ಯಕ್ತಿ ಕೊಡಬಹುದಾದ ಗರಿಷ್ಠ ಮೊತ್ತವಾದ 2,300 ಡಾಲರುಗಳ ಚೆಕ್ಕನ್ನು ತಾವೇ ಬರೆದುಕೊಟ್ಟರು. ಸಾಲದ ಮುಂದೆ ಅದು ಹನಿ ನೀರು, ಆದರೆ ಬರೆದ ಕೈ ಗೆದ್ದವರದು. ಮರುದಿನ ಇಬ್ಬರೂ ನ್ಯೂಹ್ಯಾಂಪ್‌ಷೈರ್ ರಾಜ್ಯದ ಪುಟ್ಟ ಊರೊಂದರಲ್ಲಿ ಜೊತೆಯಾಗಿ ಸಭೆ ನಡೆಸಿದರು. ಆ ಊರಿನ ಹೆಸರು ಯೂನಿಟಿ, ಎಂದರೆ ಒಗ್ಗಟ್ಟು. ಪ್ರೈಮರಿಯಲ್ಲಿ ಆ ಊರಿನವರು ಇಬ್ಬರಿಗೂ ತಲಾ 107 ಮತಗಳನ್ನು ಹಾಕಿದ್ದರಂತೆ. ಇದನ್ನು ಕಥೆಗಾರನೊಬ್ಬ ಕಲ್ಪಿಸಿದ್ದರೆ ನಾವು ನಂಬುತ್ತಿರಲಿಲ್ಲ. ಆಗಸ್ಟ್‌ನಲ್ಲಿ ಡೆನ್ವರ್ ಸಮ್ಮೇಳನದಲ್ಲಿ, ಎಣಿಕೆಯನ್ನು ನಿಲ್ಲಿಸಿ ಒಬಾಮಾ ಅವರನ್ನು ಸರ್ವಾನುಮತದಿಂದ ಘೋಷಿಸಬೇಕೆಂದು ಸೂಚಿಸಿದವರು ಕ್ಲಿಂಟನ್. ಮರುವರ್ಷ ಅವರು ಒಬಾಮಾ ಸರ್ಕಾರದ ವಿದೇಶಾಂಗ ಸಚಿವೆಯಾದರು.

ಈ ಮೇಲ್ಪಂಕ್ತಿ ಹಳೆಯದು. 1860ರಲ್ಲಿ, ಪ್ರೈಮರಿಗಳೇ ಇಲ್ಲದ ಕಾಲದಲ್ಲಿ, ಷಿಕಾಗೋ ಸಮ್ಮೇಳನದ ಮೊದಲ ಸುತ್ತಿನಲ್ಲಿ ವಿಲಿಯಂ ಸೀವರ್ಡ್ ಅವರಿಗೆ ನೂರೆಪ್ಪತ್ತಕ್ಕೂ ಹೆಚ್ಚು ಮತಗಳು, ಲಿಂಕನ್ನರಿಗೆ 102. ಮೂರನೆಯ ಸುತ್ತಿನಲ್ಲಿ ಲಿಂಕನ್ ಗೆದ್ದರು. ನೋವನ್ನು ನುಂಗಿಕೊಂಡ ಸೀವರ್ಡ್ ಲಿಂಕನ್ನರಿಗಾಗಿ ಊರೂರು ಸುತ್ತಿ ಭಾಷಣ ಮಾಡಿದರು. ಲಿಂಕನ್ ಅವರನ್ನು ವಿದೇಶಾಂಗ ಸಚಿವರನ್ನಾಗಿ ಮಾಡಿಕೊಂಡದ್ದಲ್ಲದೆ, ಉಳಿದ ಎದುರಾಳಿಗಳಾದ ಚೇಸ್, ಬೇಟ್ಸ್ ಅವರನ್ನೂ ಮಂತ್ರಿಮಂಡಲಕ್ಕೆ ಕರೆದರು. ಪದವಿ ಕೊಟ್ಟು ಬಾಯಿ ಮುಚ್ಚಿಸಿದರೆಂದು ಹೇಳುವವರಿದ್ದಾರೆ. ಅವರ ಬಾಯಿ ಮುಚ್ಚಲಿಲ್ಲವೆಂಬುದೇ ಇದಕ್ಕೆ ಉತ್ತರ. ಅವರು ಲಿಂಕನ್ನರೊಡನೆ ವಾದಿಸುತ್ತಲೇ ಇದ್ದರು.

ಇನ್ನು ಅಂತಃಸಾಕ್ಷಿಯ ಮಾತು. ಇದು ಎಲ್ಲಕ್ಕಿಂತ ಕಠಿನ. 2015ರಲ್ಲಿ ರಿಪಬ್ಲಿಕನ್ ಸ್ಪರ್ಧಾಳುಗಳು, ಯಾರೇ ಗೆದ್ದರೂ ಬೆಂಬಲಿಸುವೆವೆಂದು ವಾಗ್ದಾನ ಮಾಡಿದ್ದರು. ಡೊನಾಲ್ಡ್ ಟ್ರಂಪ್ ಅವರೂ ಸಹಿ ಹಾಕಿದ್ದರು. ಮರುವರ್ಷದ ಮಾರ್ಚ್ ವೇಳೆಗೆ ಕಣದಲ್ಲಿ ಉಳಿದಿದ್ದ ಮೂವರೂ ಆ ಮಾತಿನಿಂದ ಹಿಂದೆ ಸರಿಯತೊಡಗಿದರು. ಜುಲೈನಲ್ಲಿ ಕ್ಲೀವ್‌ಲೆಂಡ್ ಸಮ್ಮೇಳನದಲ್ಲಿ ಸೋತ ಟೆಡ್ ಕ್ರೂಜ್ ವೇದಿಕೆಯೇರಿ, ಟ್ರಂಪ್ ಅವರಿಗೆ ಬೆಂಬಲ ಘೋಷಿಸದೆ, ಆತ್ಮಸಾಕ್ಷಿಗೆ ಅನುಸಾರವಾಗಿ ಮತ ಹಾಕಿರೆಂದರು. ಸಭೆ ಧಿಕ್ಕಾರ ಕೂಗಿತು. ಎರಡು ತಿಂಗಳಲ್ಲಿ ಅವರೇ ಟ್ರಂಪ್ ಅವರನ್ನು ಬೆಂಬಲಿಸಿದರು.

ಆತ್ಮಸಾಕ್ಷಿಯ ಮತವೆಂಬ ಮಾತು ಕನ್ನಡನಾಡಿನ ಹಿರಿಯರಿಗೆ ಹೊಸದಲ್ಲ. 1969ರ ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ್ದ ಕಾಂಗ್ರೆಸ್ಸಿನ ವರಿಷ್ಠಮಂಡಲಿ, ಇಂದಿರಾ ಗಾಂಧಿಯವರ ಇಚ್ಛೆಗೆ ವಿರುದ್ಧವಾಗಿ, ರಾಷ್ಟ್ರಪತಿ ಪದವಿಗೆ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ರೆಡ್ಡಿಯವರ ನಾಮಪತ್ರಕ್ಕೆ ಸಹಿ ಮಾಡಿದ ಇಂದಿರಾ ಅವರು ಬಳಿಕ ಆತ್ಮಸಾಕ್ಷಿಗೆ ಅನುಸಾರವಾಗಿ ಮತ ಹಾಕಲು ಸದಸ್ಯರಿಗೆ ಕರೆಕೊಟ್ಟರು. ವಿ.ವಿ. ಗಿರಿಯವರು ಗೆದ್ದರು, ನವೆಂಬರ್‌ನಲ್ಲಿ ಪಕ್ಷ ಎರಡಾಯಿತು. ಆ ಕಾಲವನ್ನು ಕಂಡ ಹಿರಿಯ ಭಕ್ತರೊಬ್ಬರು “ಆ ಆತ್ಮಸಾಕ್ಷಿ ಸಹಿ ಹಾಕುವ ದಿನ ಎಲ್ಲಿಗೆ ಹೋಗಿತ್ತು ಬುದ್ಧಿ?” ಎಂದು ನಮ್ಮನ್ನು ಕೇಳಿದ್ದುಂಟು. ಮಾತು ಚುರುಕಾಗಿದೆ, ಆದರೆ ನಾವು ಅದನ್ನು ಪೂರ್ತಿ ಒಪ್ಪಲಾರೆವು. ಸಹಿ ಹಾಕಿದ ಮೇಲೂ ಮನುಷ್ಯನಿಗೆ ಎಚ್ಚರವಾಗಬಹುದು. ಆದರೆ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಈಗ ನನ್ನನ್ನು ತಡೆಯುತ್ತಿರುವ ಕಾರಣ ಸ್ಪರ್ಧೆಗೆ ಮುಂಚೆಯೂ ಇತ್ತೆ? ಇದ್ದರೆ ಆಗಲೇ ಏಕೆ ಹೇಳಲಿಲ್ಲ? ಸೋಲಿನ ನಂತರ ಮಾತ್ರ ಬಾಯಿಬಿಡುವ ಸಾಕ್ಷಿಯನ್ನು ನ್ಯಾಯಾಲಯವೂ ಸಂಶಯದಿಂದ ನೋಡುತ್ತದೆ.

ನಿಜವಾದ ನಿರಾಕರಣೆಯೂ ಉಂಟು. 1964ರಲ್ಲಿ ಮಿಷಿಗನ್ ರಾಜ್ಯಪಾಲರಾಗಿದ್ದ ಜಾರ್ಜ್ ರಾಮ್ನಿ, ಕರಿಯರ ನಾಗರಿಕ ಹಕ್ಕುಗಳ ವಿಷಯದಲ್ಲಿ ತಮ್ಮ ಪಕ್ಷದ ಅಭ್ಯರ್ಥಿ ಗೋಲ್ಡ್‌ವಾಟರ್ ತಾಳಿದ್ದ ನಿಲುವನ್ನು ಒಪ್ಪದೆ ಬೆಂಬಲ ಕೊಡಲಿಲ್ಲ. ಗುಟ್ಟು ಮಾಡಲಿಲ್ಲ, ಪಕ್ಷವನ್ನೂ ಬಿಡಲಿಲ್ಲ. ಚುನಾವಣೆ ಮುಗಿದ ಮೇಲೆ ಗೋಲ್ಡ್‌ವಾಟರ್ ಅವರಿಗೇ ದೀರ್ಘವಾದ ಪತ್ರ ಬರೆದು ಕಾರಣಗಳನ್ನು ತಿಳಿಸಿದರು. ಒಡಂಬಡಿಕೆಗಿಂತ ಮೇಲಾದದ್ದು ಇದೆಯೆಂದು ಕಂಡಾಗ ಹೀಗೆ ಬಹಿರಂಗವಾಗಿ ನಿಂತು ನಿಷ್ಠುರವನ್ನು ಹೊತ್ತುಕೊಳ್ಳುವುದು ಒಂದು ದಾರಿ. ವೇದಿಕೆಯ ಮೇಲೆ ಕೈ ಹಿಡಿದು ಹಿತ್ತಲಲ್ಲಿ ಕಾಲೆಳೆಯುವುದಕ್ಕೆ ಅಂತಃಸಾಕ್ಷಿಯ ಹೆಸರು ಸಲ್ಲದು.

ಮತ್ತೆ ನ್ಯೂಜೆರ್ಸಿಯ ಆ ಮನೆಗೆ ಬರೋಣ. ಮತದಾರಳಾದ ಹುಡುಗಿ ಯಾವ ವಾಗ್ದಾನಕ್ಕೂ ಸಹಿ ಹಾಕಿರಲಿಲ್ಲ. ಅವಳ ಕಟ್ಟು ಸ್ಯಾಂಡರ್ಸ್ ಅವರದಕ್ಕಿಂತ ಸಡಿಲ. ಇಲ್ಲವೇ ಇಲ್ಲವೆನ್ನುವಂತಿಲ್ಲ, ಎಣಿಕೆಯಲ್ಲಿ ಅವಳೂ ಭಾಗಿ. ಉಳಿದ ಇಬ್ಬರನ್ನು ನಿನ್ನೆಯ ಗಾಯದಿಂದ ಅಳೆಯದೆ, ಇಬ್ಬರಲ್ಲಿ ಯಾರು ಬಂದರೆ ಯಾರಿಗೆ ಏನಾಗುವುದೆಂದು ಹೊಸದಾಗಿ ತೂಗಿನೋಡುವಷ್ಟು ಅವಳಿಂದ ಸಲ್ಲಬೇಕಿತ್ತು. ತಂದೆಗೆ ಇಷ್ಟನ್ನು ಹೇಳಿದಾಗ ಅವರ ಮುಖ ಗೆಲುವಾಯಿತು. ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರೂ ಸೇರಿ ಎಂಬತ್ತು ಸಾವಿರಕ್ಕಿಂತ ಕಡಿಮೆ ಮತಗಳಲ್ಲಿ ಎಲ್ಲ ಹೋಯಿತೆಂದು ಲೆಕ್ಕ ಒಪ್ಪಿಸತೊಡಗಿದರು. ನ್ಯೂಜೆರ್ಸಿಯನ್ನು ಕ್ಲಿಂಟನ್ ಅವರೇ ಗೆದ್ದಿದ್ದರಲ್ಲ ಎಂದು ನಾವು ನೆನಪಿಸಿದೆವು.

“ಒಳಸ್ಪರ್ಧೆಯಲ್ಲಿ ಗೆದ್ದ ಕಡೆಯವರು ನೀವು. ಅವಳ ಬಳಿಗೆ ಮೊದಲು ಹೋಗಬೇಕಾದವರು ಯಾರು?” ಎಂದು ಕೇಳಿದೆವು. ಅವರು ಸುಮ್ಮನಿದ್ದರು. ಕೊನೆಗೆ ಆಕೆ ನಿಜವಾಗಿಯೂ ಮತ ಹಾಕದೆ ಉಳಿದಳೇ ಎಂದು ವಿಚಾರಿಸಿದೆವು. ಅವರಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷಗಳಲ್ಲಿ ಅದನ್ನು ಅವರು ಕೇಳಿಯೇ ಇರಲಿಲ್ಲವಂತೆ.