ಮಿಷನ್ನು ಯಾರ ಮನೆಗೆ ಬರುತ್ತದೆ?

ಭತ್ತದ ಗದ್ದೆಗೆ ಮೊದಲ ಸಲ ಕಟಾವು ಮಿಷನ್ನು ಇಳಿದಾಗ ನಮ್ಮ ಕೇರಿಯ ಹೆಂಗಸರು ಬದುವಿನ ಮೇಲೆ ನಿಂತು ನೋಡಿದರು. ಹತ್ತು ಕುಡುಗೋಲು ಇಡೀ ದಿನ ಬಗ್ಗಿ ಮಾಡುವ ಕೆಲಸವನ್ನು ಅದು ಗಂಟೆ ಹೊತ್ತಿನಲ್ಲಿ ಮುಗಿಸಿ ಪಕ್ಕದ ಗದ್ದೆಗೆ ಹೋಯಿತು. "ಸೊಂಟ ಉಳೀತು ಬುಡವ್ವ" ಅಂದಳು ಒಬ್ಬಳು. "ಸೊಂಟ ಉಳೀತು ಕನವ್ವ, ಹೊಟ್ಟೆಗೇನ್ ಮಾಡಾನ?" ಅಂದಳು ಇನ್ನೊಬ್ಬಳು. ಇಬ್ಬರ ಮಾತೂ ನಿಜ. ಆ ಎರಡು ನಿಜಗಳ ನಡುವೆ ನಾವು ಇವತ್ತಿಗೂ ಸಿಕ್ಕಿಕೊಂಡಿದ್ದೇವೆ.

ಒಂದು ಕಾಲಕ್ಕೆ ಮಿಷನ್ನಿಗೆ ಅಡ್ಡ ಮಲಗಬೇಕು ಅಂತ ನಾವೂ ಭಾಷಣ ಮಾಡಿದೆವು. ಹಾಗೆ ಭಾಷಣ ಮಾಡಿದವರಲ್ಲಿ ಯಾರೂ ಕುಡುಗೋಲು ಹಿಡಿದು ಮೂರು ದಿನ ಬಗ್ಗಿದವರಲ್ಲ ಅನ್ನುವುದನ್ನೂ ಇಲ್ಲಿ ಹೇಳಿಬಿಡಬೇಕು. ಇನ್ನು ಕೆಲವು ಗೆಳೆಯರು ಯಂತ್ರ ಅಂದರೆ ಪ್ರಗತಿ, ಅದನ್ನು ತಡೆಯೋಕಾಗಲ್ಲ ಅಂತಾರೆ. ಯಂತ್ರ ಏನೋ ಮಳೆಯ ಹಾಗೆ ತಾನಾಗಿ ಬಂದು ಸುರಿಯುತ್ತದೆ ಅನ್ನುವಂತೆ ಇಬ್ಬರೂ ಮಾತಾಡುತ್ತಾರೆ. ಯಂತ್ರವನ್ನು ಕರೆಸುವವನು ಒಬ್ಬ ಇರುತ್ತಾನೆ. ಅವನ ಕೈಯಲ್ಲಿ ಲೆಕ್ಕದ ಪುಸ್ತಕ ಇರುತ್ತದೆ. ಒಂದು ಕಡೆ ಕೂಲಿ, ಇನ್ನೊಂದು ಕಡೆ ಮಿಷನ್ನಿನ ಖರ್ಚು. ಯಾವುದು ಕಡಿಮೆಯೋ ಅದು. ನೋವಿಗೆ ಆ ಪುಸ್ತಕದಲ್ಲಿ ಕಾಲಂ ಇಲ್ಲ.

1760ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಜೇಮ್ಸ್ ಹಾರ್‌ಗ್ರೀವ್ಸ್ ಹತ್ತಿ ನೂಲುವ ಜೆನ್ನಿ ಯಂತ್ರ ಮಾಡಿದ. ಕೂಲಿ ಹೆಚ್ಚಿದ್ದ ಇಂಗ್ಲೆಂಡಿನಲ್ಲಿ ಅದು ಬೇಗ ಹಬ್ಬಿತು. ಕೂಲಿ ಕಡಿಮೆ ಇದ್ದ ಫ್ರಾನ್ಸಿನಲ್ಲಿ ಅಷ್ಟಾಗಿ ಹಬ್ಬಲಿಲ್ಲ. ಆದರೆ ಅದೇ ಇಂಗ್ಲೆಂಡಿನಲ್ಲಿ ಕಾಲುವೆಯ ದೋಣಿಗಳನ್ನು ಎಳೆಯಲು ಕುದುರೆಯ ಬದಲು ಹೆಂಗಸರನ್ನು ಕಟ್ಟುತ್ತಿದ್ದರೆಂದು ಮಾರ್ಕ್ಸ್ 1867ರ ತನ್ನ 'ಬಂಡವಾಳ'ದಲ್ಲಿ ಬರೆದಿದ್ದಾನೆ. ಕುದುರೆಗೆ ಹುಲ್ಲು ಹಾಕಬೇಕು, ಸತ್ತರೆ ಇನ್ನೊಂದು ಕೊಳ್ಳಬೇಕು. ದಿಕ್ಕಿಲ್ಲದ ಹೆಂಗಸಿಗೆ ಅಂಥ ಲೆಕ್ಕವೇ ಇರಲಿಲ್ಲ.

ದೂರದ ಮಾತು ಸಾಕು, ಕೆಜಿಎಫ್‌ಗೆ ಬರೋಣ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 90 ಮೈಲಿ ತಂತಿ ಎಳೆದು ಆ ಚಿನ್ನದ ಗಣಿಗೆ ಕರೆಂಟು ಕೊಟ್ಟರು. ಬೆಂಗಳೂರಿನ ಬೀದಿಗೆ ಕರೆಂಟಿನ ದೀಪ ಬಂದದ್ದು 1905ರಲ್ಲಿ. ಬೆಂಗಳೂರಿಗಿಂತ ಮೊದಲು ಗಣಿಗೆ ಯಾಕೆ ಬಂತು? ಗಣಿ ನಡೆಸುತ್ತಿದ್ದ ಇಂಗ್ಲಿಷ್ ಕಂಪನಿಗಳಿಗೆ ಉಗಿಯಂತ್ರಕ್ಕೆ ಉರಿಸುವ ಕಲ್ಲಿದ್ದಲು ದುಬಾರಿಯಾಗಿತ್ತು. ನೀರಿನ ಕರೆಂಟು ಅಗ್ಗ. ಲೆಕ್ಕ ಸರಿಹೋಯಿತು, ತಂತಿ ಬಂತು. ಬೇತಮಂಗಲದ ಕೆರೆಯಿಂದ ನೀರೂ ಬಂತು. ಆ ಕಾಲದಲ್ಲಿ ಲೋಕದಲ್ಲೇ ಹೊಸದಾಗಿದ್ದ ಎಂಜಿನಿಯರಿಂಗ್ ವಿದ್ಯೆಯೆಲ್ಲ ಆ ಊರಿಗೆ ಬಂತು.

ಅದೇ ಊರಿನ ಕಾರ್ಮಿಕರ ಲೈನುಗಳಲ್ಲಿ ನೀರಿಲ್ಲದ ಕಕ್ಕಸುಗಳಿದ್ದವು. ಅವನ್ನು ಬಾಚಿ, ಬಕೆಟ್ಟಿಗೆ ತುಂಬಿ, ಹೊತ್ತು ಹಾಕಲು ದಲಿತ ಕುಟುಂಬಗಳಿದ್ದವು. ಮೂರು ಕಿಲೋಮೀಟರಿಗೂ ಆಳಕ್ಕೆ ಭೂಮಿ ಕೊರೆಯಬಲ್ಲವರಿಗೆ ನಾಲ್ಕು ಅಡಿ ಗುಂಡಿ ತೋಡಿ ಪೈಪು ಹಾಕುವುದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಪೈಪಿಗಿಂತ ಮನುಷ್ಯ ಅಗ್ಗವಾಗಿದ್ದ, ಅಷ್ಟೆ. ಬಿಳಿಯರು ಹೋದರು. 1956ರಲ್ಲಿ ಗಣಿ ಸರ್ಕಾರದ್ದಾಯಿತು. ಮಾಲೀಕ ಬದಲಾದ, ಲೆಕ್ಕ ಬದಲಾಗಲಿಲ್ಲ. ಅಲ್ಲಿ ಮಲ ಬಾಚುತ್ತಿದ್ದ ಒಂದು ಕುಟುಂಬದಲ್ಲಿ 1966ರಲ್ಲಿ ಹುಟ್ಟಿದವರೇ ಬೆಜವಾಡ ವಿಲ್ಸನ್. ಸಫಾಯಿ ಕರ್ಮಚಾರಿಗಳ ಚಳವಳಿ ಕಟ್ಟಿದ್ದಕ್ಕೆ 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2001ರಲ್ಲಿ ಗಣಿ ಮುಚ್ಚಿತು. ಚಿನ್ನ ತೆಗೆಯುವ ಕೆಲಸ ನಿಂತ ಮೇಲೂ ಆ ಊರಿನಲ್ಲಿ ಮಲ ಬಾಚುವ ಕೆಲಸ ನಿಂತಿರಲಿಲ್ಲ.

ಈ ಅಗ್ಗ ಅನ್ನೋದು ಎಲ್ಲಿಂದ ಬಂತು? ಸಂತೆಯಲ್ಲಿ ಟೊಮೊಟೊ ಅಗ್ಗವಾಗುವ ಹಾಗೆ ನಾವು ಅಗ್ಗವಾದವರಲ್ಲ. ಬೇರೆ ಕೆಲಸದ ಬಾಗಿಲು ಮುಚ್ಚಿ, ಒಲ್ಲೆ ಅನ್ನುವ ಬಾಯಿ ಮುಚ್ಚಿ ನಮ್ಮನ್ನು ಅಗ್ಗ ಮಾಡಿದರು. ಜಾತಿ ದುಡಿಮೆಯ ವಿಭಜನೆಯಲ್ಲ, ದುಡಿಯುವವರ ವಿಭಜನೆ ಎಂದು ಬಾಬಾಸಾಹೇಬರು 1936ರಲ್ಲೇ ಬರೆದರು. ಅರ್ಥಶಾಸ್ತ್ರದ ಮೇಷ್ಟ್ರುಗಳು ಕೂಲಿಯ ದರವನ್ನು ಮಾರುಕಟ್ಟೆ ನಿಗದಿ ಮಾಡುತ್ತದೆ ಅಂತ ಪಾಠ ಹೇಳುತ್ತಾರೆ. ಮಾರುಕಟ್ಟೆಗೆ ಬರುವ ಮುಂಚೆಯೇ ನಮ್ಮ ದರವನ್ನು ಊರು ನಿಗದಿ ಮಾಡಿರುತ್ತದೆ.

ಅದಕ್ಕೇ ಯಂತ್ರವನ್ನು ಸಾರಾಸಗಟಾಗಿ ಬಯ್ಯುವುದು ನಮ್ಮಿಂದಾಗದು. ಗಾಂಧಿ 1909ರಲ್ಲಿ ಯಂತ್ರವನ್ನು ಪಾಪ ಅಂದರು. 1945ರಲ್ಲಿ ಅಂಬೇಡ್ಕರ್ ಅದಕ್ಕೆ ಉತ್ತರ ಕೊಟ್ಟರು: ದೋಷ ಯಂತ್ರದ್ದಲ್ಲ, ಅದರ ಫಲವನ್ನು ಕೆಲವರೇ ನುಂಗುವ ಸಮಾಜದ್ದು; ಯಂತ್ರವಿಲ್ಲದೆ ಬಡವನಿಗೆ ಬಿಡುವಿಲ್ಲ, ಬಿಡುವಿಲ್ಲದೆ ಮನುಷ್ಯನ ಬದುಕಿಲ್ಲ. ಹೊಟ್ಟೆ ತುಂಬಿದವರಿಗೆ ಕೈದುಡಿಮೆಯ ಸೊಗಸು ಕಾಣುತ್ತದೆ. ಮಲದ ಬಕೆಟ್ಟಿನಲ್ಲಿ ಯಾವ ಸೊಗಸಪ್ಪ?

ಕಾನೂನು ಏನು ಮಾಡಿತು ನೋಡಿ. 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗಲೇ ತಲೆಯ ಮೇಲೆ ಮಲ ಹೊರಿಸುವುದನ್ನು ರಾಜ್ಯದಲ್ಲಿ ನಿಷೇಧಿಸಿದರು. ದೇಶಕ್ಕೆ 1993ರಲ್ಲಿ ಒಂದು ಕಾಯ್ದೆ ಬಂತು, 2013ರಲ್ಲಿ ಇನ್ನೊಂದು. ನಡುವೆ 2010ರಲ್ಲಿ ಸವಣೂರಿನ ಭಂಗಿ ಬಂಧುಗಳು ಮಲವನ್ನು ತಮ್ಮ ಮೈಮೇಲೇ ಸುರಿದುಕೊಂಡು ನಿಲ್ಲಬೇಕಾಯಿತು. ಒಳಚರಂಡಿಯಲ್ಲಿ ಸತ್ತವನ ಮನೆಗೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ 30 ಲಕ್ಷ ಅಂದಿತು. ಹೆಣಕ್ಕೆ ಬೆಲೆ ಕಟ್ಟುವುದು ಕೇಳೋಕೆ ಹೇಸಿಗೆ. ಆದರೂ ಲೆಕ್ಕದ ಪುಸ್ತಕ ಓದುವವನಿಗೆ ಬೇರೆ ಭಾಷೆ ಅರ್ಥವಾಗುವುದಿಲ್ಲ. ಆ ದುಡ್ಡು ನಿಜವಾಗಿ ಅವನ ಜೇಬಿನಿಂದ ಹೋದರೆ ನಾಳೆಯೇ ಮಿಷನ್ನು ತರಿಸುತ್ತಾನೆ. ಅದಕ್ಕೇ ನಡುವೆ ಗುತ್ತಿಗೆದಾರ, ಅವನ ಕೆಳಗೆ ಮೇಸ್ತ್ರಿ ಅಂತ ಇಟ್ಟಿರುವುದು. ಕೇಸು ಕೆಳಗಿನವನ ಹತ್ತಿರವೇ ನಿಂತುಹೋಗುತ್ತದೆ. ಮಿಷನ್ನು ಇಲ್ಲ ಅನ್ನುವ ಹಾಗೂ ಇಲ್ಲ. ಮ್ಯಾನ್‌ಹೋಲಿಗಿಳಿಯುವ ರೋಬೋಟನ್ನು 2018ರಲ್ಲೇ ತಿರುವನಂತಪುರದಲ್ಲಿ ಇಳಿಸಿದ್ದರು.

ಗದ್ದೆಯಲ್ಲಿ ಕೂಲಿ ಬೇಡುವ ಹೆಂಗಸಿನ ಕೈಯಿಂದ ಕುಡುಗೋಲು ಕಿತ್ತುಕೊಳ್ಳಲು ಯಂತ್ರ ಓಡಿ ಬರುತ್ತದೆ. ಗುಂಡಿಯಲ್ಲಿ ಉಸಿರು ಕಟ್ಟಿದವನ ಕಡೆಗೆ ಕುಂಟುತ್ತಾ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಬಂದ ಕಡೆಯಲ್ಲಾದರೂ ಅದರ ಸ್ಟೇರಿಂಗು ಯಾರ ಕೈಯಲ್ಲಿದೆ, ಬಾಡಿಗೆ ಯಾರ ಮನೆಗೆ ಹೋಗುತ್ತದೆ? ನಮ್ಮ ತಾಲ್ಲೂಕಿನಲ್ಲಿ ನಾವು ನೋಡಿದ ಕಟಾವು ಮಿಷನ್ನುಗಳಲ್ಲಿ ಒಂದೂ ಕೇರಿಯವರದಲ್ಲ.

ಹಳ್ಳಿ ಶಾಲೆಯ ಮೇಷ್ಟ್ರುಗಳಲ್ಲಿ, ಹಾಸ್ಟೆಲಿನ ಹುಡುಗರಲ್ಲಿ ಒಂದು ಕೇಳಿಕೆ. ನಿಮ್ಮ ಊರಿನ ಪುರಸಭೆಗೆ ಹೋಗಿ. ಗುಂಡಿ ಹೀರುವ ಗಾಡಿ ಎಷ್ಟಿವೆ, ಎಷ್ಟು ಕೆಟ್ಟು ನಿಂತಿವೆ, ಕೆಟ್ಟು ನಿಂತ ದಿನ ಒಳಗೆ ಇಳಿದವರು ಯಾರು, ಅವರಿಗೆ ಕೊಟ್ಟದ್ದೆಷ್ಟು, ಇದನ್ನೆಲ್ಲ ಕೇಳಿ ಬರೆದುಕೊಳ್ಳಿ. ಹೇಳದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಸಿಕ್ಕಿದ್ದನ್ನು ಹೆಸರು, ತಾರೀಖಿನ ಸಮೇತ ಒಂದು ಹಾಳೆಯಲ್ಲಿ ಬರೆದು ನಮಗೆ ಕಳಿಸಿ.