ಕೊಲೆಯೂ ಅಪಘಾತವೇ?



1995ರ ಮಾರ್ಚ್ ತಿಂಗಳ ಒಂದು ಸಂಜೆ ನಾಗಾಲ್ಯಾಂಡಿನ ದಿಮಾಪುರದಲ್ಲಿ ಕೆಲವರು ಒಂದು ಆಟೋರಿಕ್ಷಾವನ್ನು ಬಾಡಿಗೆಗೆ ಹಿಡಿದರು. ಮರುದಿನ ಪೊಲೀಸರಿಗೆ ಸಿಕ್ಕಿದ್ದು ಚಾಲಕನ ಶವ ಮಾತ್ರ. ಆಟೋ ಸಿಗಲೇ ಇಲ್ಲ. ಮನೆಯವರು ಪರಿಹಾರ ಕೇಳಿದರು. 'ಇದು ಕೊಲೆ, ಅಪಘಾತವಲ್ಲ' ಎಂದಿತು ವಿಮಾ ಕಂಪನಿ. ಹೈಕೋರ್ಟೂ ಆ ಮಾತನ್ನು ಒಪ್ಪಿತು. ಆದರೆ 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಇದೂ ಅಪಘಾತವೇ ಎಂದು ತೀರ್ಪಿತ್ತಿತು.

ಅದು ಮೋಟಾರು ವಾಹನ ಕಾಯಿದೆಯ ಮೊಕದ್ದಮೆ. ಆದರೂ ಆ ಪ್ರಶ್ನೆ ನಮ್ಮ ನಿಮ್ಮ ಮನೆಯ ಜೀವವಿಮೆ ಪಾಲಿಸಿಯಲ್ಲೂ ಅಡಗಿದೆ. ಪಾಲಿಸಿದಾರರ ಕೊಲೆಯಾದರೆ ಮೂಲ ವಿಮಾ ಮೊತ್ತ ಸಾಮಾನ್ಯವಾಗಿ ಸಿಗುತ್ತದೆ. ತಕರಾರು ಏಳುವುದು ಅಪಘಾತದ ಸಾವಿಗೆಂದು ಕೊಡುವ ಹೆಚ್ಚುವರಿ ಹಣಕ್ಕೆ. ಮನೆಯ ಆಧಾರಸ್ತಂಭವೇ ಕುಸಿದಾಗ ಮಕ್ಕಳ ಓದು ನಿಲ್ಲುವುದೋ ಮುಂದುವರಿಯುವುದೋ ಎಂಬುದನ್ನು ಕೆಲವೊಮ್ಮೆ ಈ ಒಂದು ಪದವೇ ನಿರ್ಧರಿಸುತ್ತದೆ.

ಮೇಲ್ನೋಟಕ್ಕೆ ಕಂಪನಿಯ ವಾದ ಸರಿಯೆನಿಸುತ್ತದೆ. ಅಪಘಾತದ ಹಿಂದೆ ಯಾರ ಸಂಕಲ್ಪವೂ ಇರುವುದಿಲ್ಲ. ಕೊಲೆಯ ಹಿಂದೆ ಇರುತ್ತದೆ. ಹಾಗಿದ್ದ ಮೇಲೆ ಎರಡೂ ಒಂದೇ ಹೇಗಾದೀತು?

ಇಲ್ಲಿ ಸಂತ ಥಾಮಸ್ ಅಕ್ವಿನಾಸರು ನಮಗೆ ನೆರವಾಗುತ್ತಾರೆ. ಯಜಮಾನನೊಬ್ಬ ಇಬ್ಬರು ಸೇವಕರನ್ನು, ಒಬ್ಬರಿಗೊಬ್ಬರು ತಿಳಿಯದಂತೆ, ಒಂದೇ ಸ್ಥಳಕ್ಕೆ ಕಳುಹಿಸುತ್ತಾನೆ. ಅವರ ಪಾಲಿಗೆ ಆ ಭೇಟಿ ಆಕಸ್ಮಿಕ, ಯಜಮಾನನಿಗಲ್ಲ. ಅಂದರೆ ಒಂದೇ ಘಟನೆ ಒಬ್ಬನಿಗೆ ಉದ್ದೇಶಿತ, ಇನ್ನೊಬ್ಬನಿಗೆ ಆಕಸ್ಮಿಕ ಆಗಬಹುದು. ಕೊಲೆಗಾರನ ಕಡೆಯಿಂದ ನೋಡಿದರೆ ಅದು ಕೊಲೆ. ಕೆಲಸ ಮುಗಿಸಿ ಮನೆಗೆ ಹೊರಟಿದ್ದವನ ಕಡೆಯಿಂದ ನೋಡಿದರೆ ನೆನೆಯದೆ ಬಂದೆರಗಿದ ಆಪತ್ತು. ವಿಮೆ ಮಾಡಿಸಿದವನು ಕೊಲೆಗಾರನಲ್ಲ, ಸತ್ತವನು. ಹಾಗಾದರೆ ಯಾರ ಕಣ್ಣಿನಿಂದ ನೋಡಬೇಕು?

ಇಂಗ್ಲೆಂಡಿನ ನ್ಯಾಯಾಲಯ 1910ರಲ್ಲೇ ಹೀಗೆ ಯೋಚಿಸಿತ್ತು. ಗಣಿ ಕಾರ್ಮಿಕರ ಕೂಲಿಹಣ ಹೊತ್ತು ರೈಲಿನಲ್ಲಿ ಹೊರಟಿದ್ದ ಗುಮಾಸ್ತನೊಬ್ಬನನ್ನು ದರೋಡೆ ಮಾಡಿ ಕೊಂದಿದ್ದರು. ಅವನ ಪಾಲಿಗೆ ಅದು ಅಪಘಾತವೆಂದು ಎಣಿಸಿ ಪರಿಹಾರ ಕೊಡಿಸಲಾಯಿತು.

ನಮ್ಮ ಸುಪ್ರೀಂ ಕೋರ್ಟು ಒಂದು ಗೆರೆ ಎಳೆಯಿತು. ಇಂಥವನನ್ನೇ ಕೊಲ್ಲಬೇಕೆಂಬುದೇ ಮುಖ್ಯ ಉದ್ದೇಶವಾಗಿದ್ದರೆ ಅದು ಬರೀ ಕೊಲೆ. ಕಳವಿನಂಥ ಬೇರೊಂದು ಅಪರಾಧ ಎಸಗುವಾಗ ಸಾವು ಸಂಭವಿಸಿದರೆ ಅದು ಅಪಘಾತ. ಮುಂದೆ ಗ್ರಾಹಕ ಆಯೋಗಗಳೂ ವಿಮಾ ತಕರಾರುಗಳಲ್ಲಿ ಈ ತರ್ಕವನ್ನು ಬಳಸಿವೆ.

ಆದರೆ ನನ್ನ ಮನಸ್ಸಿಗೆ ಒಂದು ಮುಳ್ಳು ಚುಚ್ಚುತ್ತದೆ. ನ್ಯಾಯಾಲಯದಲ್ಲಿ ಸತ್ಯ ನುಡಿದನೆಂಬ ಹಗೆಯಿಂದ ಒಬ್ಬನನ್ನು ಕೊಂದರೆಂದು ಇಟ್ಟುಕೊಳ್ಳಿ. ಆ ಗೆರೆಯ ಪ್ರಕಾರ ಅವನ ಹೆಂಡತಿ ಮಕ್ಕಳು ಬರಿಗೈಯಲ್ಲಿ ಹಿಂದಿರುಗಬೇಕೇ? ಐರ್ಲೆಂಡಿನ ಟ್ರಿಮ್ ಎಂಬಲ್ಲಿ ಶಾಲೆಯ ಹುಡುಗರು ಒಳಸಂಚು ನಡೆಸಿ ಉಪಾಧ್ಯಾಯನೊಬ್ಬನನ್ನೇ ಗುರಿಯಾಗಿಸಿ ಹೊಡೆದು ಸಾಯಿಸಿದ್ದರು. ಅದನ್ನೂ ಅಪಘಾತವೆಂದೇ 1914ರಲ್ಲಿ ಬ್ರಿಟನ್ನಿನ ಪ್ರಭುಗಳ ಸಭೆ ಬಹುಮತದಿಂದ ತೀರ್ಮಾನಿಸಿತು.

ನ್ಯಾಯವಾಗಿ ಕೇಳಬೇಕಾದ ಪ್ರಶ್ನೆ ಬೇರೆಯೇ ಎಂದು ನನಗೆ ತೋರುತ್ತದೆ: ಸತ್ತವನು ತಿಳಿದೂ ತಿಳಿದೂ, ತನ್ನ ದುಷ್ಕೃತ್ಯದಿಂದ ಆ ಸಾವನ್ನು ಮೈಮೇಲೆ ಎಳೆದುಕೊಂಡನೇ? ಹೌದಾದರೆ ಕಂಪನಿಯ ನಿರಾಕರಣೆಗೆ ಅರ್ಥವಿದೆ, ಏಕೆಂದರೆ ವಿಮಾನಿಧಿ ಸಾವಿರಾರು ಜನರ ಉಳಿತಾಯದಿಂದ ಕೂಡಿದ್ದು. ಇಲ್ಲವಾದರೆ, ಕೊಂದವನ ದ್ವೇಷಕ್ಕಾಗಿ ಸತ್ತವನ ಮಕ್ಕಳು ದಂಡ ತೆರುವುದು ಯಾವ ಧರ್ಮ?

ಇದರಿಂದ ಕೊಲೆಗಾರನ ಪಾಪ ಎಳ್ಳಷ್ಟೂ ಕಡಿಮೆಯಾಗದು. ಅವನೇ ನಾಮಿನಿಯಾಗಿದ್ದರೂ ತನ್ನ ಪಾತಕದ ಫಲವನ್ನು ಉಣ್ಣುವಂತಿಲ್ಲ. ಪತಿಗೆ ವಿಷವಿಟ್ಟ ಅಪರಾಧ ಸಾಬೀತಾದ ಹೆಂಗಸಿಗೆ ಆತನ ವಿಮಾಹಣ ಸಲ್ಲದೆಂದು ಇಂಗ್ಲೆಂಡಿನ ನ್ಯಾಯಾಲಯ ಹತ್ತೊಂಬತ್ತನೆಯ ಶತಮಾನದಲ್ಲೇ ಹೇಳಿತ್ತು.

ಲೂಕನ ಶುಭಸಂದೇಶದ ಹದಿಮೂರನೆಯ ಅಧ್ಯಾಯವನ್ನು ತೆರೆದು ನೋಡಿ. ಪಿಲಾತನು ಕೊಲ್ಲಿಸಿದ ಗಲಿಲೇಯದವರನ್ನೂ ಸಿಲೋವಾಮಿನ ಗೋಪುರ ಕುಸಿದು ಸತ್ತ ಹದಿನೆಂಟು ಮಂದಿಯನ್ನೂ ಪ್ರಭು ಯೇಸು ಅಕ್ಕಪಕ್ಕದಲ್ಲೇ ಇಡುತ್ತಾರೆ. ಒಂದು ಕೊಲೆ, ಇನ್ನೊಂದು ಅಪಘಾತ. ಸತ್ತವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳೆಂಬ ಎಣಿಕೆಯನ್ನು ಎರಡೂ ಕಡೆ ತಳ್ಳಿಹಾಕುತ್ತಾರೆ.

ನಾವೋ, ಕೊಲೆಯಾದವನ ಮನೆಯ ಮುಂದೆ ನಿಂತು 'ಏನೂ ಮಾಡದೆ ಯಾರಾದರೂ ಕೊಲ್ಲುತ್ತಾರೆಯೇ?' ಎಂದು ಪಿಸುಗುಟ್ಟುತ್ತೇವೆ. ಆ ಪಿಸುಮಾತು ವಿಚಾರಣೆಗೆ ಬಂದವರ ಕಿವಿಗೂ ಬಿದ್ದೀತು. ವಿಧವೆಯ ಹಕ್ಕಿಗೆ ಮೊದಲ ಪೆಟ್ಟು ಬೀಳುವುದು ಅಲ್ಲಿಯೇ.

ಆದುದರಿಂದ ಇಂದೇ ನಿಮ್ಮ ಪಾಲಿಸಿಯನ್ನು ತೆಗೆದು ಷರತ್ತುಗಳನ್ನು ಓದಿ. ನಿಮ್ಮ ನೆರೆಯಲ್ಲಿ ಇಂಥ ದುಃಖ ಬಂದೆರಗಿದರೆ ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿಗಳನ್ನು ಜೋಡಿಸಲು ಆ ತಾಯಿಯ ಜೊತೆ ಹೋಗಿ. ಕ್ಲೇಮು ತಿರಸ್ಕೃತವಾದರೆ ವಿಮಾ ಓಂಬುಡ್ಸ್‌ಮನ್ ಇದ್ದಾರೆ, ಗ್ರಾಹಕ ಆಯೋಗವಿದೆ ಎಂದು ತಿಳಿಸಿ. ಕಾನೂನು ಯಾವ ಪದವನ್ನೇ ಬಳಸಲಿ, ಆ ಮನೆಯವರ ಕೈ ಬಿಡದಿರುವುದು ನಮ್ಮ ಹೊಣೆ.